ಚಿತ್ರವೇಕೆ ತಡವರಿಸುತ್ತದೆ?

ಚಲಚ್ಚಿತ್ರವು ಚಲಿಸುವುದಿಲ್ಲ. ಪರದೆಯ ಮೇಲೆ ಓಡುವ ಕುದುರೆಯಾಗಲಿ, ಧುಮ್ಮಿಕ್ಕುವ ಜಲಪಾತವಾಗಲಿ, ನಿಶ್ಚಲವಾದ ಚಿತ್ರಗಳ ಒಂದು ಮಾಲೆಯೇ ಹೊರತು ಬೇರೆಯಲ್ಲ. ಸೆಕೆಂಡಿಗೆ ೨೪ ಚಿತ್ರಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದು ಹೋಗುವುದರಿಂದ ನಮಗೆ ಚಲನೆಯ ಭ್ರಮೆಯುಂಟಾಗುತ್ತದೆ. ಒಂದೊಂದು ಚಿತ್ರಕ್ಕೆ ದೊರೆಯುವ ಅವಧಿ ಸುಮಾರು ೪೨ ಮಿಲಿಸೆಕೆಂಡು. ಅಷ್ಟು ಹೊತ್ತಿನೊಳಗೆ ಮುಂದಿನ ಚಿತ್ರವು ಸಿದ್ಧವಾಗಿ ಬಾಗಿಲಲ್ಲಿ ನಿಂತಿರಬೇಕು. ನಿಂತಿಲ್ಲವೆಂದರೆ ಕುದುರೆಯು ಎತ್ತಿದ ಕಾಲನ್ನು ಇಳಿಸದೆ ನಿಂತುಬಿಡುತ್ತದೆ, ಪರದೆಯ ನಡುವೆ ಒಂದು ಚಕ್ರವು ತಿರುಗತೊಡಗುತ್ತದೆ, ನೋಡುವವರು ಗೊಣಗಲು ಮೊದಲು ಮಾಡುತ್ತಾರೆ.

ಈಚಿನ ವರ್ಷಗಳಲ್ಲಿ ಅನೇಕ ಮನೆಗಳಲ್ಲಿಯೂ ವಿದ್ಯಾರ್ಥಿನಿಲಯಗಳ ಕೊಠಡಿಗಳಲ್ಲಿಯೂ ಒಂದು ಹಳೆಯ ಕಂಪ್ಯೂಟರನ್ನು ಚಿತ್ರಭಂಡಾರವನ್ನಾಗಿ ಮಾಡಿಕೊಳ್ಳುವ ಪದ್ಧತಿ ಬೆಳೆದಿದೆ. ತಾವು ಕೊಂಡ ಡಿಸ್ಕುಗಳ ಚಿತ್ರಗಳು, ತರಗತಿಯ ಉಪನ್ಯಾಸಗಳು, ಮದುವೆ ಮುಂಜಿಗಳ ವೀಡಿಯೊಗಳು ಎಲ್ಲವನ್ನೂ ಅದರಲ್ಲಿ ಕೂಡಿಟ್ಟು, ಮನೆಯ ಟೆಲಿವಿಷನ್ನು, ಫೋನು, ಟಿವಿಯ ಬೆನ್ನಿಗೆ ಸಿಕ್ಕಿಸುವ ಹೆಬ್ಬೆರಳು ಗಾತ್ರದ ಸ್ಟ್ರೀಮಿಂಗ್ ಕಡ್ಡಿ, ಇವುಗಳಲ್ಲಿ ಬೇಕೆಂದಾಗ ನೋಡುವ ಏರ್ಪಾಡಿದು. ಇದನ್ನು ನಡೆಸುವ ತಂತ್ರಾಂಶಕ್ಕೆ ಮೀಡಿಯಾ ಸರ್ವರ್ ಎಂದು ಹೆಸರು. ಪ್ಲೆಕ್ಸ್, ಎಂಬಿ, ಜೆಲ್ಲಿಫಿನ್ ಎಂಬುವು ಇವುಗಳಲ್ಲಿ ಹೆಸರಾದವು. ಕಡೆಯದು ೨೦೧೮ರ ಡಿಸೆಂಬರಿನಲ್ಲಿ ಎಂಬಿಯಿಂದ ಕವಲೊಡೆದು ಹುಟ್ಟಿದ್ದು. ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ಇಂತಹ ಏರ್ಪಾಡಿನಲ್ಲಿ ಚಿತ್ರವು ತಡವರಿಸಿದೊಡನೆ ಜನರು ಸಾಮಾನ್ಯವಾಗಿ ಎರಡು ಕೆಲಸಗಳನ್ನು ಮಾಡುತ್ತಾರೆ. ಮೊದಲನೆಯದು, ಇಂಟರ್ನೆಟ್ ಒದಗಿಸುವವರಿಗೆ ಹೆಚ್ಚು ಹಣ ಕೊಟ್ಟು ಹೆಚ್ಚು ವೇಗವನ್ನು ಕೊಳ್ಳುವುದು. ಸರ್ವರು ಪಡಸಾಲೆಯ ಮೂಲೆಯಲ್ಲಿದ್ದು ಟಿವಿಯು ಪಕ್ಕದ ಕೋಣೆಯಲ್ಲಿದ್ದರೆ ಚಿತ್ರವು ಮನೆಯ ಹೊಸ್ತಿಲನ್ನೇ ದಾಟುವುದಿಲ್ಲ. ಹಿತ್ತಿಲ ಬಾವಿಯಿಂದ ಬಚ್ಚಲಿಗೆ ನೀರು ಬರುವುದು ನಿಧಾನವೆಂದು ಪುರಸಭೆಯ ಕೊಳಾಯಿಯನ್ನು ದಪ್ಪಮಾಡಿಸಿದ ಹಾಗೆ ಈ ಖರ್ಚು. ಎರಡನೆಯದು, ಸೆಟ್ಟಿಂಗುಗಳ ಪುಟಕ್ಕೆ ಹೋಗಿ ಚಿತ್ರದ ಗುಣಮಟ್ಟವನ್ನು ತಗ್ಗಿಸುವುದು. ಗುಣ ತಗ್ಗಿದರೆ ಹೊರೆಯೂ ತಗ್ಗೀತೆಂಬ ನಂಬಿಕೆ ಮೇಲುನೋಟಕ್ಕೆ ಸಹಜವಾಗಿಯೇ ಕಾಣುತ್ತದೆ. ಆದರೆ ಮನೆಯ ಸರ್ವರಿನಲ್ಲಿ ಅನೇಕ ವೇಳೆ ಇದು ತೀರ ತಲೆಕೆಳಗು. ಗುಣವನ್ನು ತಗ್ಗಿಸಿದ ಕ್ಷಣದಿಂದ ಸರ್ವರಿನ ಹೊರೆ ಹತ್ತಾರು ಪಟ್ಟು ಏರುತ್ತದೆ. ತಡವರಿಸುತ್ತಿದ್ದ ಚಿತ್ರವು ಕುಂಟತೊಡಗುತ್ತದೆ. ಏಕೆ ಹೀಗೆಂಬುದನ್ನು ತಿಳಿಯಲು ಚಿತ್ರವೆಂಬುದು ಕಂಪ್ಯೂಟರಿನೊಳಗೆ ಯಾವ ರೂಪದಲ್ಲಿದೆಯೆಂಬುದನ್ನು ಸ್ವಲ್ಪ ನೋಡಬೇಕು.

ಅಂಕಿಗಳ ಪ್ರವಾಹ

ಇಂದು ಸಾಮಾನ್ಯವಾಗಿರುವ ಒಂದು ಚಿತ್ರದಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳಿರುತ್ತವೆ. ಗುಣಿಸಿದರೆ ೨೦,೭೩,೬೦೦. ಒಂದೊಂದು ಬಿಂದುವಿನ ಕೆಂಪು, ಹಸುರು, ನೀಲಿ ಬಣ್ಣಗಳಿಗೆ ತಲಾ ೮ ಬಿಟ್ಟುಗಳಂತೆ ೨೪ ಬಿಟ್ಟುಗಳನ್ನು ಕೊಟ್ಟರೆ ಒಂದು ಚಿತ್ರಕ್ಕೆ ಸುಮಾರು ೫ ಕೋಟಿ ಬಿಟ್ಟುಗಳಾದುವು. ಸೆಕೆಂಡಿಗೆ ೨೪ ಚಿತ್ರಗಳಿಗೆ ಸುಮಾರು ೧೧೯ ಕೋಟಿ. ಎರಡು ಗಂಟೆಯ ಚಲಚ್ಚಿತ್ರವೊಂದು ಸಾವಿರ ಗಿಗಾಬೈಟುಗಳಿಗೂ ಮಿಕ್ಕ ಜಾಗವನ್ನು ನುಂಗಬೇಕು. ನಿಜವಾಗಿ ಅದು ೯ ಗಿಗಾಬೈಟಿನ ಕಡತವಾಗಿ ನಮ್ಮ ಬಳಿ ಇರುತ್ತದೆ. ೯ ಗಿಗಾಬೈಟೆಂದರೆ ೭,೨೦೦ ಕೋಟಿ ಬಿಟ್ಟು; ಎರಡು ಗಂಟೆಯೆಂದರೆ ೭,೨೦೦ ಸೆಕೆಂಡು. ಸೆಕೆಂಡಿಗೆ ಸರಾಸರಿ ಒಂದು ಕೋಟಿ ಬಿಟ್ಟು, ಎಂದರೆ ೧೦ ಮೆಗಾಬಿಟ್. ನೂರಹತ್ತೊಂಬತ್ತು ಪಾಲಿನಲ್ಲಿ ನೂರಹದಿನೆಂಟು ಎಲ್ಲಿ ಹೋದುವು?

ಅವು ಹೋದುದಕ್ಕೆ ಎರಡು ಉಪಾಯಗಳು ಕಾರಣ. ಮೊದಲನೆಯ ಉಪಾಯದ ಹಿಂದೆ ಬೆಂಗಳೂರಿನವರೊಬ್ಬರಿದ್ದಾರೆ. ನಾಸಿರ್ ಅಹ್ಮದ್ ಅವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ವಿಶ್ವೇಶ್ವರಯ್ಯನವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ೧೯೬೧ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದವರು. ವೀಣೆಯ ತಂತಿಯ ನಾದವನ್ನು ಮೂಲಸ್ವರ, ಅದರ ಇಮ್ಮಡಿ, ಮುಮ್ಮಡಿ ಕಂಪನಗಳೆಂದು ಬಿಡಿಸಬಹುದೆಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರಷ್ಟೆ. ಅದೇ ರೀತಿ ಚಿತ್ರದ ಒಂದು ಪುಟ್ಟ ಚೌಕವನ್ನು ಬಗೆಬಗೆಯ ಅಲೆಯುದ್ದದ ಕೊಸೈನ್ ತರಂಗಗಳ ಮೊತ್ತವಾಗಿ ಬಿಡಿಸಬಹುದೆಂದು ಅವರು ಯೋಚಿಸಿದರು. ಆಕಾಶದಂತಹ ನುಣುಪಾದ ಭಾಗಕ್ಕೆ ಒಂದೆರಡು ನೀಳವಾದ ತರಂಗಗಳೇ ಸಾಕು. ತೀರ ಸೂಕ್ಷ್ಮವಾದ ತರಂಗಗಳನ್ನು ಕೈಬಿಟ್ಟರೂ ಕಣ್ಣು ಅದನ್ನು ಗುರುತಿಸುವುದಿಲ್ಲ. ೧೯೭೨ರಲ್ಲಿ ಈ ಸಂಶೋಧನೆಗೆ ಧನಸಹಾಯ ಕೋರಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದಾಗ ಅದು ದೊರೆಯಲಿಲ್ಲ. ವಿಚಾರವು ಅತಿ ಸರಳವಾಯಿತೆಂಬುದು ಪರಿಶೀಲಕರೊಬ್ಬರ ಅಭಿಪ್ರಾಯವಾಗಿತ್ತೆಂದು ಅಹ್ಮದರೇ ಮುಂದೆ ನೆನೆದಿದ್ದಾರೆ. ಅವರು ಬಿಡದೆ, ವಿದ್ಯಾರ್ಥಿಯಾಗಿದ್ದ ಟಿ. ನಟರಾಜನ್ ಮತ್ತು ಗೆಳೆಯರಾದ ಕೆ. ಆರ್. ರಾವ್ ಅವರೊಡಗೂಡಿ ಕೆಲಸ ಮಾಡಿ, ೧೯೭೪ರ ಜನವರಿಯಲ್ಲಿ ಆ ಗಣಿತವನ್ನು ಪ್ರಕಟಿಸಿದರು. ಇಂದು ನಮ್ಮ ಫೋನು ತೆಗೆಯುವ ಜೆಪೆಗ್ ಛಾಯಾಚಿತ್ರದಿಂದ ಹಿಡಿದು ಎಚ್.೨೬೪ ಮತ್ತು ಎಚ್‌ಇವಿಸಿ ವೀಡಿಯೊಗಳವರೆಗೆ ಆ ಪರಿವರ್ತನೆಯೋ, ಅದರ ಪೂರ್ಣಾಂಕ ರೂಪವೋ ನೆಲೆಸಿದೆ. ಸರಳವಾದುದಕ್ಕೆ ಹಣ ಕೊಡಬಾರದೆಂಬ ವಾದ ನಮಗಂತೂ ತಿಳಿಯದು.

ಎರಡನೆಯ ಉಪಾಯ ಇನ್ನೂ ದೊಡ್ಡ ಉಳಿತಾಯದ್ದು. ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ವ್ಯತ್ಯಾಸ ಬಹು ಸ್ವಲ್ಪ. ವಾರ್ತೆ ಓದುವವರ ತುಟಿಗಳು ಅಲುಗುತ್ತವೆಯೇ ಹೊರತು ಹಿಂದಿನ ಗೋಡೆ ಅಲುಗುವುದಿಲ್ಲ. ಆದುದರಿಂದ ಆಗೊಮ್ಮೆ ಈಗೊಮ್ಮೆ ಒಂದು ಇಡೀ ಚಿತ್ರವನ್ನು ಬರೆದಿಟ್ಟು, ನಡುವಿನ ಚಿತ್ರಗಳಿಗೆ ‘ಈ ಚೌಕವು ಹಿಂದಿನ ಚಿತ್ರದ ಇಂಥ ಕಡೆಯಿಂದ ಇಷ್ಟು ದೂರ ಸರಿದಿದೆ’ ಎಂದು ಟಿಪ್ಪಣಿ ಬರೆದರೆ ಸಾಕು. ಇದರಿಂದ ಒಂದು ಮುಖ್ಯ ಪರಿಣಾಮವುಂಟು. ವಾರ್ತೆಯ ದೃಶ್ಯಕ್ಕೆ ಬಿಟ್ಟುಗಳು ಬಹಳ ಕಡಮೆ ಬೇಕು. ಮಳೆಗಾಲದ ಜೋಗದ ದೃಶ್ಯಕ್ಕೆ ಬಹಳ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಹನಿಹನಿಯೂ ಹೊಸದು. ಸರಾಸರಿ ೧೦ ಮೆಗಾಬಿಟ್ಟಿನ ಕಡತವು ಅಂತಹ ಕಡೆ ೩೦ಕ್ಕೋ ೪೦ಕ್ಕೋ ಏರಬಲ್ಲುದು. ಈ ಮಾತನ್ನು ಮುಂದೆ ಬಳಸಿಕೊಳ್ಳುವೆವು.

ಪತ್ರ, ಲಕೋಟೆ, ಅನುವಾದ

ಹೀಗೆ ಅಡಕಗೊಳಿಸಿದ ಕಡತವು ಒಂದು ಸಂಕೇತಭಾಷೆಯಲ್ಲಿ ಬರೆದ ಪತ್ರ. ಎಚ್.೨೬೪ ಎಂಬುದು ೨೦೦೩ರಲ್ಲಿ ಬಂದ ಭಾಷೆ, ಎಚ್‌ಇವಿಸಿ ೨೦೧೩ರದು, ಎವಿ೧ ೨೦೧೮ರದು. ಹೊಸ ಭಾಷೆಗಳು ಹೆಚ್ಚು ಬಿಗಿ, ಎಚ್.೨೬೪ಕ್ಕೆ ಬೇಕಾದ ಬಿಟ್ಟುಗಳ ಸುಮಾರು ಅರ್ಧದಲ್ಲಿ ಎಚ್‌ಇವಿಸಿ ಅದೇ ಚಿತ್ರವನ್ನು ಹೇಳಬಲ್ಲುದು. ಆದರೆ ಓದುವ ಸಾಧನಕ್ಕೆ ಆ ಭಾಷೆ ಬರಬೇಕು. ಟಿವಿಗಳಲ್ಲಿಯೂ ಸ್ಟ್ರೀಮಿಂಗ್ ಕಡ್ಡಿಗಳಲ್ಲಿಯೂ ಇದಕ್ಕೆಂದೇ ಕೆತ್ತಿದ ವಿದ್ಯುನ್ಮಂಡಲಗಳಿರುತ್ತವೆ. ಅವಕ್ಕೆ ಕಲಿಸಿದ ಭಾಷೆಗಳಷ್ಟೇ ಬರುತ್ತವೆ; ಹೊಸದನ್ನು ಕಲಿಯವು. ೨೦೧೩ರ ಮೊದಲ ಕ್ರೋಮ್‌ಕಾಸ್ಟ್ ಎಚ್.೨೬೪ನ್ನು ಸಲೀಸಾಗಿ ಓದುತ್ತದೆ. ಎಚ್‌ಇವಿಸಿಯ ಮುಂದೆ ಅದು ಮೂಕ.

ಪತ್ರವನ್ನು ಇಟ್ಟಿರುವ ಲಕೋಟೆಯೂ ಒಂದುಂಟು. ಕಡತದ ಹೆಸರಿನ ಕೊನೆಯಲ್ಲಿ ಬರುವ ಎಂಪಿ೪, ಎಂಕೆವಿ ಎಂಬುವು ಲಕೋಟೆಯ ಹೆಸರುಗಳೇ ಹೊರತು ಭಾಷೆಯವಲ್ಲ. ಒಂದೇ ಎಂಕೆವಿಯೊಳಗೆ ಯಾವ ಭಾಷೆಯ ಪತ್ರವೂ ಇರಬಹುದು. ‘ಎಂಪಿ೪ ಓಡುತ್ತದೆ, ಎಂಕೆವಿ ಓಡುವುದಿಲ್ಲ’ ಎಂದು ಜನರು ಹೇಳುವಾಗ ಈ ಎರಡನ್ನೂ ಬೆರಸಿ ಮಾತನಾಡುತ್ತಿರುತ್ತಾರೆ.

ಈಗ ಸರ್ವರು ಏನು ಮಾಡುತ್ತದೆಯೆಂಬುದು ಸುಲಭವಾಗಿ ತಿಳಿಯುತ್ತದೆ. ಸಾಧನಕ್ಕೆ ಭಾಷೆಯೂ ಲಕೋಟೆಯೂ ಒಪ್ಪಿಗೆಯಾದರೆ ಕಡತವನ್ನು ಇದ್ದಂತೆಯೇ ಕಳುಹಿಸುತ್ತದೆ. ಇದಕ್ಕೆ ಡೈರೆಕ್ಟ್ ಪ್ಲೇ, ಎಂದರೆ ನೇರ ಪ್ರಸಾರ, ಎಂದು ಹೆಸರು. ಅಂಚೆಯವನ ಕೆಲಸವಷ್ಟೆ, ಹಳೆಯ ಕಂಪ್ಯೂಟರಿಗೂ ಇದು ಏನೂ ಅಲ್ಲ. ಲಕೋಟೆ ಮಾತ್ರ ಹಿಡಿಸದಿದ್ದರೆ ಬೇರೊಂದು ಲಕೋಟೆಗೆ ಹಾಕಿ ಕಳುಹಿಸುತ್ತದೆ, ಇದು ರೀಮಕ್ಸ್. ಇದರ ಶ್ರಮವೂ ಅಲ್ಪವೇ. ಭಾಷೆಯೇ ಹಿಡಿಸದಿದ್ದರೆ, ಅಥವಾ ನೋಡುವವರು ಚಿಕ್ಕ ಚಿತ್ರ ಬೇಕೆಂದು ಕೇಳಿದರೆ, ಪತ್ರವನ್ನು ಬಿಚ್ಚಿ ಓದಿ ಬೇರೆ ಭಾಷೆಯಲ್ಲಿ ಮೊದಲಿನಿಂದ ಬರೆಯಬೇಕು. ಟ್ರಾನ್ಸ್‌ಕೋಡಿಂಗ್ ಎಂಬ ಈ ಮರುಸಂಕೇತನವೇ ನಮ್ಮ ಕಥೆಯ ಖಳನಾಯಕ.

ಅದರ ಹೊರೆಯೆಷ್ಟೆಂಬುದನ್ನು ಒಂದು ಲೆಕ್ಕದಿಂದ ಊಹಿಸೋಣ. ಎಚ್.೨೬೪ರಲ್ಲಿ ಚಿತ್ರವನ್ನು ೧೬ಕ್ಕೆ ೧೬ ಬಿಂದುಗಳ ಚೌಕಗಳಾಗಿ ಭಾಗಿಸುತ್ತಾರೆ. ಒಂದು ಚಿತ್ರಕ್ಕೆ ೮,೧೬೦ ಚೌಕಗಳು. ಒಂದು ಚೌಕವು ಹಿಂದಿನ ಚಿತ್ರದಲ್ಲಿ ಎಲ್ಲಿತ್ತೆಂದು ಹುಡುಕಬೇಕು. ಸುತ್ತಲೂ ೧೬ ಬಿಂದುಗಳಷ್ಟು ದೂರದವರೆಗೆ ಮಾತ್ರ ಹುಡುಕಿದರೂ ೩೩ರಿಂದ ೩೩, ಎಂದರೆ ೧,೦೮೯ ಸ್ಥಾನಗಳಾದುವು. ಒಂದೊಂದು ಸ್ಥಾನದಲ್ಲಿಯೂ ೨೫೬ ಬಿಂದುಗಳನ್ನು ಹೋಲಿಸಬೇಕು. ಎಲ್ಲವನ್ನೂ ಗುಣಿಸಿದರೆ ಒಂದು ಚಿತ್ರಕ್ಕೆ ೨೨೭ ಕೋಟಿ, ಸೆಕೆಂಡಿಗೆ ೫,೪೬೦ ಕೋಟಿ ಹೋಲಿಕೆಗಳು! ನಿಜವಾದ ತಂತ್ರಾಂಶಗಳು ಇಷ್ಟು ಮುಗ್ಧವಲ್ಲ. ನೂರು ಅಡ್ಡದಾರಿಗಳನ್ನು ಹಿಡಿದು ಈ ಸಂಖ್ಯೆಯನ್ನು ಬಹುವಾಗಿ ಇಳಿಸುತ್ತವೆ. ಆದರೂ ಬರೆಯುವ ಕೆಲಸವು ಓದುವ ಕೆಲಸಕ್ಕಿಂತ ಎಷ್ಟೋ ಭಾರವೆಂಬುದು ಇದರಿಂದ ಸ್ಪಷ್ಟ. ಓದುವವನು ‘ಇಷ್ಟು ದೂರ ಸರಿದಿದೆ’ ಎಂಬ ಟಿಪ್ಪಣಿಯಂತೆ ಚೌಕವನ್ನು ಸರಿಸಿದರೆ ಸಾಕು. ಬರೆಯುವವನು ಆ ದೂರವನ್ನು ಕಂಡುಹಿಡಿಯಬೇಕು.

ಗುಣ ತಗ್ಗಿಸಿದರೆ ಹೊರೆ ಏರುವ ವಿಚಿತ್ರಕ್ಕೆ ಇದೇ ಕಾರಣ. ದೊಡ್ಡ ವ್ಯಾಪಾರೀ ಸಂಸ್ಥೆಗಳು ಒಂದೊಂದು ಚಿತ್ರವನ್ನೂ ಹಲವು ಗಾತ್ರಗಳಲ್ಲಿ ಮೊದಲೇ ಸಿದ್ಧಮಾಡಿ ಉಗ್ರಾಣದಲ್ಲಿಟ್ಟಿರುತ್ತವೆ. ನಾವು ಕೆಳಗಿನ ದರ್ಜೆಯನ್ನು ಕೇಳಿದರೆ ಆ ಕಪಾಟಿನಿಂದ ತೆಗೆದುಕೊಡುತ್ತವೆ. ಮನೆಯ ಸರ್ವರಿನಲ್ಲಿರುವುದು ಒಂದೇ ಪ್ರತಿ. ಚಿಕ್ಕದು ಬೇಕೆಂದರೆ ಅದು ಆಗಲೇ ಕುಳಿತು, ನಾವು ನೋಡುತ್ತಿರುವಂತೆಯೇ, ಬರೆದುಕೊಡಬೇಕು. ಅದರ ಕೈ ಸೆಕೆಂಡಿಗೆ ೧೮ ಚಿತ್ರಗಳಷ್ಟೇ ಓಡುತ್ತದೆಯೆಂದು ಇಟ್ಟುಕೊಳ್ಳೋಣ. ಟಿವಿಯು ಸೆಕೆಂಡಿಗೆ ೨೪ನ್ನು ತಿನ್ನುತ್ತದೆ. ಮೊದಲು ೧೦ ಸೆಕೆಂಡಿನ ಚಿತ್ರ, ಎಂದರೆ ೨೪೦ ಚಿತ್ರಗಳು, ಕೂಡಿದ ಮೇಲೆ ಪ್ರದರ್ಶನ ಆರಂಭವಾದರೆ, ಸೆಕೆಂಡಿಗೆ ೬ರಂತೆ ಕರಗಿ ೪೦ ಸೆಕೆಂಡಿನಲ್ಲಿ ಸಂಗ್ರಹವು ಬರಿದಾಗುತ್ತದೆ. ಚಿತ್ರವು ಚೆನ್ನಾಗಿ ಆರಂಭವಾಗಿ, ಮುಕ್ಕಾಲು ನಿಮಿಷವಾಗುವ ಮೊದಲೇ ನಿಂತು, ಮತ್ತೆ ಹೊರಟು, ಮತ್ತೆ ನಿಲ್ಲುತ್ತಿದ್ದರೆ, ಹೀಗೆ ಲಯಬದ್ಧವಾಗಿ ನಿಲ್ಲುತ್ತಿದ್ದರೆ, ಇಂತಹ ದುರ್ಬಲ ಕೈಯನ್ನು ಮೊದಲು ಸಂಶಯಿಸಬೇಕು.

ಸಂಶಯವನ್ನು ಪರಿಹರಿಸಿಕೊಳ್ಳುವುದು ಸುಲಭ. ಚಿತ್ರ ಓಡುತ್ತಿರುವಾಗ ಸರ್ವರಿನ ಡ್ಯಾಶ್‌ಬೋರ್ಡ್ ಪುಟವನ್ನು ತೆರೆದು ನೋಡಿದರೆ, ನೇರ ಪ್ರಸಾರವೋ ಮರುಸಂಕೇತನವೋ ಎಂಬುದನ್ನು ಅದೇ ಹೇಳುತ್ತದೆ. ಜೆಲ್ಲಿಫಿನ್ ಮರುಸಂಕೇತನದ ಕಾರಣವನ್ನೂ ಬರೆದಿರುತ್ತದೆ. ರೋಗಿಯೇ ರೋಗದ ಹೆಸರನ್ನು ಹೇಳುತ್ತಿರುವಾಗ ಊಹೆಯ ಚಿಕಿತ್ಸೆ ಏಕೆ?

ಕಾರಣವು ಹೆಚ್ಚಾಗಿ ಮೂರು ನಾಲ್ಕು ಬಗೆಯದಾಗಿರುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದುದು ಟಿವಿಯ ಆ್ಯಪ್‌ನಲ್ಲಿರುವ ಗುಣಮಟ್ಟದ ಮಿತಿ. ಮನೆಯ ಜಾಲಕ್ಕೆ ಸಂಬಂಧಿಸಿದ ಆಯ್ಕೆಯು ‘ಮೂಲ’ ಅಥವಾ ‘ಗರಿಷ್ಠ’ ಎಂದಿರಬೇಕು. ‘ತಾನೇ ನಿರ್ಧರಿಸಲಿ’ ಎಂದು ಬಿಟ್ಟರೆ, ಆ ಕ್ಷಣದ ಅಳತೆಯಲ್ಲಿ ಜಾಲವು ಸ್ವಲ್ಪ ಸೋತಂತೆ ಕಂಡಾಗ ಸರ್ವರನ್ನು ವೃಥಾ ದುಡಿಸುತ್ತದೆ. ಮನೆಯೊಳಗಿನ ಬಳಕೆಗೆ ನಾವು ‘ಮೂಲ’ವನ್ನೇ ಆರಿಸುವೆವು.

ಇನ್ನೊಂದು ಕಾರಣ ಬಹಳ ಜನರಿಗೆ ಹೊಳೆಯದು: ಸಬ್‌ಟೈಟಲ್, ಎಂದರೆ ಚಿತ್ರದ ಕೆಳಗಿನ ಬರಹ. ಇವುಗಳಲ್ಲಿ ಎರಡು ಜಾತಿ. ಎಸ್‌ಆರ್‌ಟಿ ಮುಂತಾದುವು ಬರಿಯ ಅಕ್ಷರಗಳು. ಟಿವಿಯೇ ಅವನ್ನು ಚಿತ್ರದ ಮೇಲೆ ಬರೆದುಕೊಳ್ಳುತ್ತದೆ. ಡಿವಿಡಿ ಮತ್ತು ಬ್ಲೂರೇ ಡಿಸ್ಕುಗಳಿಂದ ಬಂದುವು ಅಕ್ಷರಗಳಲ್ಲ, ಅಕ್ಷರಗಳ ಚಿತ್ರಗಳು. ಅನೇಕ ಸಾಧನಗಳಿಗೆ ಇವು ತಿಳಿಯವು. ಆಗ ಸರ್ವರು ಪ್ರತಿಯೊಂದು ಚಿತ್ರವನ್ನೂ ಬಿಚ್ಚಿ, ಅದರ ಮೇಲೆ ಬರಹವನ್ನು ಅಚ್ಚೊತ್ತಿ, ಮತ್ತೆ ಸಂಕೇತಿಸಿ ಕಳುಹಿಸುತ್ತದೆ. ಎರಡು ಸಾಲು ಬರಹಕ್ಕಾಗಿ ಎರಡು ಗಂಟೆಯ ಚಿತ್ರವನ್ನು ಮೊದಲಿನಿಂದ ಬರೆಯುವುದು! ಅಂತಹ ಚಿತ್ರಕ್ಕೆ ಒಂದು ಎಸ್‌ಆರ್‌ಟಿ ಕಡತವನ್ನು ಜೊತೆಗಿಟ್ಟು ಅದನ್ನೇ ಆರಿಸಿಕೊಂಡರೆ ಹೊರೆಯೆಲ್ಲವೂ ಇಳಿಯುತ್ತದೆ. ಕನ್ನಡದ ಬರಹವಾದರೆ ಮಾತ್ರ ಮೊದಲೊಮ್ಮೆ ಪರೀಕ್ಷಿಸಿಕೊಳ್ಳುವುದೊಳ್ಳೆಯದು. ಕನ್ನಡದ ಅಕ್ಷರರೂಪಗಳಿಲ್ಲದ ಸಾಧನದಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಸಾಲುಗಟ್ಟುತ್ತವೆ.

ಧ್ವನಿಯ ವಿಷಯವನ್ನು ಬೇಗ ಮುಗಿಸಬಹುದು. ಡಿಟಿಎಸ್ ಮೊದಲಾದ ಕೆಲವು ಧ್ವನಿರೂಪಗಳನ್ನು ಕೆಲವು ಟಿವಿಗಳು ಅರಿಯವು. ಸರ್ವರು ಧ್ವನಿಯನ್ನಷ್ಟೇ ಮರುಸಂಕೇತಿಸಿ ಚಿತ್ರವನ್ನು ಹಾಗೆಯೇ ಬಿಡುತ್ತದೆ. ಧ್ವನಿಯ ಲೆಕ್ಕವು ಚಿತ್ರದ ಲೆಕ್ಕದ ಮುಂದೆ ಅತ್ಯಲ್ಪವಾದುದರಿಂದ ಇದಕ್ಕಾಗಿ ಚಿಂತಿಸಬೇಕಾಗಿಲ್ಲ.

ಮರುಸಂಕೇತನವು ಅನಿವಾರ್ಯವಾಗುವ ಸಂದರ್ಭಗಳೂ ಉಂಟು. ಊರಿಗೆ ಹೋದ ಮಗಳು ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಮನೆಯ ಸರ್ವರಿನ ಚಿತ್ರವನ್ನು ನೋಡುವಾಗ ಮೂಲದ ೧೦ ಮೆಗಾಬಿಟ್ಟು ಅವಳನ್ನು ಮುಟ್ಟಲಾರದು. ಇಲ್ಲಿ ಇಂಟರ್ನೆಟ್ಟಿನ ಪ್ರಶ್ನೆ ನಿಜವಾಗಿಯೂ ಬರುತ್ತದೆ. ನಮ್ಮ ಮನೆಯಿಂದ ಹೊರಕ್ಕೆ ಹೋಗುವ ವೇಗವೇ ಇಲ್ಲಿ ಲೆಕ್ಕಕ್ಕೆ ಬರುವುದು. ಒಳಕ್ಕೆ ಬರುವ ವೇಗವಲ್ಲ. ಹೊರಗಿನ ವೀಕ್ಷಣೆಗೆ ಇಡುವ ಮಿತಿಯು ಆ ಹೊರಹರಿವಿನ ಮುಕ್ಕಾಲು ಪಾಲನ್ನು ಮೀರದಿರುವುದು ಲೇಸು. ಇಂತಹ ಬಳಕೆಯಿರುವವರು ಹಾರ್ಡ್‌ವೇರ್ ಆ್ಯಕ್ಸಿಲರೇಶನ್ ಎಂಬ ಆಯ್ಕೆಯನ್ನು ತೆರೆದಿಡಬೇಕು. ೨೦೧೧ರಿಂದೀಚಿನ ಬಹುಪಾಲು ಇಂಟೆಲ್ ಗೃಹಬಳಕೆಯ ಪ್ರಾಸೆಸರುಗಳ ಒಡಲಲ್ಲಿ ಕ್ವಿಕ್ ಸಿಂಕ್ ಎಂಬ ವಿಶೇಷ ಮಂಡಲವಿದೆ. ಆ ಚೌಕ ಹುಡುಕುವ ಕೆಲಸವನ್ನು ಇದಕ್ಕೊಪ್ಪಿಸಿದರೆ ಪ್ರಾಸೆಸರಿನ ಉಳಿದ ಭಾಗವು ತಣ್ಣಗೆ ಕುಳಿತಿರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ೨೦೨೩ರಲ್ಲಿ ಬಂದ ರಾಸ್ಪ್‌ಬೆರಿ ಪೈ ೫ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಸಂಕೇತನದ ಮಂಡಲವೇ ಇಲ್ಲ. ಹೀಗಿದ್ದರೂ ನೇರ ಪ್ರಸಾರ ಮಾತ್ರ ಮಾಡುವ ಮನೆಯಲ್ಲಿ ಆ ಪುಟ್ಟ ಯಂತ್ರವು ಮೂರು ನಾಲ್ಕು ಟಿವಿಗಳನ್ನು ಸಾಕುತ್ತದೆ. ಯಂತ್ರವನ್ನು ಕೊಳ್ಳುವ ವಿದ್ಯಾರ್ಥಿಗಳು ಈ ಭೇದವನ್ನು ತಿಳಿದರೆ ಬಹಳ ಹಣ ಉಳಿದೀತು.

ಕೆರೆ ಮತ್ತು ತೂಬು

ಸರ್ವರು ನೇರವಾಗಿಯೇ ಕಳುಹಿಸುತ್ತಿದೆ, ಆದರೂ ಚಿತ್ರವು ನಿಲ್ಲುತ್ತದೆ. ಅದೂ ಲಯಬದ್ಧವಾಗಿ ಅಲ್ಲ, ಮಳೆಯ ದೃಶ್ಯದಲ್ಲಿಯೋ ಜಾತ್ರೆಯ ದೃಶ್ಯದಲ್ಲಿಯೋ ಮಾತ್ರ. ಆಗ ದಾರಿಯನ್ನು ನೋಡಬೇಕು.

ನಮ್ಮ ಬಯಲುಸೀಮೆಯ ಕೆರೆಗಳನ್ನು ನೆನೆದುಕೊಳ್ಳಿ. ಮಳೆ ಹೇಗೆ ಬಂದರೂ ಗದ್ದೆಗೆ ತೂಬಿನಿಂದ ನೀರು ಒಂದೇ ಸಮನಾಗಿ ಹೋಗುತ್ತಿರಬೇಕು. ನಡುವಿನ ಏರುಪೇರನ್ನು ನುಂಗಿಕೊಳ್ಳುವುದು ಕೆರೆಯ ಕೆಲಸ. ಟಿವಿಯೊಳಗಿನ ಬಫರು ಇಂತಹ ಕೆರೆ. ಜಾಲವು ಸೆಕೆಂಡಿಗೆ ೨೫ ಮೆಗಾಬಿಟ್ಟನ್ನು ತರುತ್ತಿದೆ. ಚಿತ್ರವು ಸರಾಸರಿ ೧೦ನ್ನು ಕೇಳುತ್ತದೆ. ಕೆರೆ ತುಂಬಿಯೇ ಇರುತ್ತದೆ. ಈಗ ಜಲಪಾತದ ದೃಶ್ಯ ಬಂದು ೨೦ ಸೆಕೆಂಡುಗಳ ಕಾಲ ೪೦ನ್ನು ಕೇಳುತ್ತದೆಯೆನ್ನಿ. ಸೆಕೆಂಡಿಗೆ ೧೫ರ ಕೊರತೆ. ೨೦ ಸೆಕೆಂಡಿಗೆ ೩೦೦ ಮೆಗಾಬಿಟ್ಟು, ಎಂದರೆ ಸುಮಾರು ೩೮ ಮೆಗಾಬೈಟು. ಕೆರೆಯಲ್ಲಿ ಅಷ್ಟು ನೀರಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇಲ್ಲದಿದ್ದರೆ ಜಲಪಾತವು ಅರ್ಧದಲ್ಲಿ ಹೆಪ್ಪುಗಟ್ಟುತ್ತದೆ. ಬಫರಿನ ಗಾತ್ರವನ್ನು ಬದಲಿಸಲು ಬಿಡುವ ಆ್ಯಪ್‌ಗಳಲ್ಲಿ ಅದನ್ನು ಹಿರಿದಾಗಿಡುವುದು ಈ ರೋಗಕ್ಕೆ ತಕ್ಕ ಮದ್ದು. ಆದರೆ ಕೆರೆಯೆಷ್ಟು ದೊಡ್ಡದಾದರೂ ಒಳಹರಿವು ಸರಾಸರಿಗಿಂತ ಕಡಮೆಯಾದರೆ ಅದು ಬತ್ತಲೇಬೇಕು. ಸ್ವಲ್ಪ ತಡವಾಗಿ, ಅಷ್ಟೆ.

ಒಳಹರಿವು ಏಕೆ ಸೊರಗುತ್ತದೆ? ವೈಫೈ ಅಲೆಗಳಲ್ಲಿ ಸಾಮಾನ್ಯವಾದ ಎರಡು ಪಟ್ಟಿಗಳಿವೆ. ೨.೪ ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರು. ೫ ಗಿಗಾಹರ್ಟ್ಸಿನದು ೬ ಸೆಂಟಿಮೀಟರು. ಮೊದಲನೆಯದು ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ; ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲುಗಳು ಮೂರೇ, ಮತ್ತು ನೆರೆಹೊರೆಯವರೆಲ್ಲರೂ ಅದರಲ್ಲಿಯೇ ಮಾತನಾಡುತ್ತಿರುತ್ತಾರೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ೨.೪೫ ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತದೆ. ಸಂಜೆ ಹಾಲು ಕಾಯಿಸುವ ಹೊತ್ತಿಗೆ ಸರಿಯಾಗಿ ಚಿತ್ರ ನಿಲ್ಲುವುದಾದರೆ ಅದು ಕಾಕತಾಳೀಯವಲ್ಲ. ಒಂದೇ ಕೋಣೆಯಲ್ಲಿ ೫ ಗಿಗಾಹರ್ಟ್ಸು ಮೇಲು. ಎರಡು ದಪ್ಪ ಗೋಡೆಗಳಾಚೆ ಎರಡರಲ್ಲಿಯೂ ಹೆಚ್ಚು ನೆಚ್ಚಿಕೆ ಬೇಡ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗದಲ್ಲಿ ಅರ್ಧ ದಕ್ಕಿದರೂ ಭಾಗ್ಯವೆನ್ನಬೇಕು.

ಇದರ ಜೊತೆಗೆ ಒಂದು ಅಡಗಿದ ತೆರಿಗೆಯುಂಟು. ಸರ್ವರೂ ಟಿವಿಯೂ ಎರಡೂ ಒಂದೇ ವೈಫೈ ಚಾನೆಲಿನಲ್ಲಿದ್ದರೆ ಪ್ರತಿಯೊಂದು ಬಿಟ್ಟೂ ಸರ್ವರಿನಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಟಿವಿಗೆ ಒಮ್ಮೆ, ಹೀಗೆ ಎರಡು ಸಲ ಗಾಳಿಯಲ್ಲಿ ಹಾರಬೇಕು. ಗಾಳಿಯು ಒಂದೇ, ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ವೇಗವು ಅರ್ಧಕ್ಕಿಳಿಯುತ್ತದೆ. ಸರ್ವರನ್ನು ಮಾತ್ರ ಒಂದು ತಂತಿಯಿಂದ ರೌಟರಿಗೆ ಕಟ್ಟಿದರೆ ಈ ತೆರಿಗೆ ತಪ್ಪುತ್ತದೆ. ಮೂರು ಮೀಟರು ತಂತಿಯ ಬೆಲೆ ಒಂದು ತಿಂಗಳ ಇಂಟರ್ನೆಟ್ ಶುಲ್ಕಕ್ಕಿಂತ ಕಡಮೆ, ಮತ್ತು ಅದನ್ನು ಒಮ್ಮೆ ಕೊಟ್ಟರೆ ಸಾಕು. ನಮ್ಮ ಅಭಿಪ್ರಾಯದಲ್ಲಿ ಈ ತಂತಿಗಿಂತ ಲಾಭದ ಖರ್ಚು ಬೇರಿಲ್ಲ.

ತಂತಿಗೂ ಒಂದು ಮಿತಿಯುಂಟೆಂಬುದನ್ನು ಹೇಳಬೇಕು. ಇಂದಿಗೂ ಅನೇಕ ಟಿವಿಗಳ ಬೆನ್ನಿನಲ್ಲಿರುವ ಜಾಲದ ಕಿಂಡಿಯು ೧೦೦ ಮೆಗಾಬಿಟ್ಟಿನದು. ಸಾಮಾನ್ಯ ಚಿತ್ರಗಳಿಗೆ ಅದು ಬೇಕಾದಷ್ಟಾಯಿತು. ೪ಕೆ ಡಿಸ್ಕಿನಿಂದ ಇದ್ದಂತೆಯೇ ಇಳಿಸಿದ ಚಿತ್ರಗಳ ಶಿಖರಗಳು ಮಾತ್ರ ೧೦೦ನ್ನು ದಾಟಬಲ್ಲುವು. ಅಲ್ಲಿ ಒಳ್ಳೆಯ ೫ ಗಿಗಾಹರ್ಟ್ಸ್ ವೈಫೈ ತಂತಿಯನ್ನು ಮೀರಿಸುವ ವಿನೋದವನ್ನು ಕಾಣಬಹುದು.

ಎರಡು, ಮೂರು, ಎರಡು, ಮೂರು

ಚಿತ್ರವು ಎಲ್ಲಿಯೂ ನಿಲ್ಲುವುದಿಲ್ಲ, ಚಕ್ರ ತಿರುಗುವುದಿಲ್ಲ; ಆದರೂ ಕ್ಯಾಮೆರಾ ನಿಧಾನವಾಗಿ ಬೆಟ್ಟಸಾಲಿನ ಮೇಲೆ ಹೊರಳುವಾಗ ಸಣ್ಣಗೆ ನಡುಗಿದಂತೆ ಕಾಣುತ್ತದೆ. ಇದು ಸರ್ವರಿನ ದೋಷವೂ ಅಲ್ಲ, ಜಾಲದ್ದೂ ಅಲ್ಲ, ಬರಿಯ ಅಂಕಗಣಿತ. ಬಹಳಷ್ಟು ಕಡ್ಡಿಗಳು ಪರದೆಯನ್ನು ಸೆಕೆಂಡಿಗೆ ೬೦ ಸಲ ಬರೆಯುತ್ತವೆ. ೬೦ನ್ನು ೨೪ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲಾಗದಷ್ಟೆ. ಆದುದರಿಂದ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತವೆ. ಒಂದಕ್ಕೆ ೩೩ ಮಿಲಿಸೆಕೆಂಡು, ಮತ್ತೊಂದಕ್ಕೆ ೫೦. ನಡೆಯುವವನು ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ ಇಟ್ಟಂತೆ. ಕಡ್ಡಿಯ ಸೆಟ್ಟಿಂಗುಗಳಲ್ಲಿ ‘ಚಿತ್ರದ ಫ್ರೇಮ್ ದರಕ್ಕೆ ಹೊಂದಿಸು’ ಎಂಬ ಅರ್ಥದ ಆಯ್ಕೆಯಿದ್ದರೆ ಅದನ್ನು ತೆರೆದಿಡಬೇಕು. ಆಗ ಪರದೆಯೇ ೨೪ಕ್ಕೆ ಇಳಿಯುತ್ತದೆ. ಚಿತ್ರದ ಆರಂಭದಲ್ಲಿ ಟಿವಿಯು ಒಂದೆರಡು ಸೆಕೆಂಡು ಕಪ್ಪಾಗುವುದೇ ಇದಕ್ಕೆ ತೆರಬೇಕಾದ ಬೆಲೆ.

ಭಾರತದಲ್ಲಿ ಈ ಆಯ್ಕೆಗೆ ಇನ್ನೊಂದು ಪ್ರಯೋಜನವೂ ಉಂಟು. ನಮ್ಮ ಟೆಲಿವಿಷನ್ ಪದ್ಧತಿಯು ಸೆಕೆಂಡಿಗೆ ೨೫ ಚಿತ್ರಗಳದು. ದೂರದರ್ಶನದಿಂದ ಮುದ್ರಿಸಿಕೊಂಡ ನಾಟಕವಾಗಲಿ ಸಂಗೀತ ಕಛೇರಿಯಾಗಲಿ ೬೦ರ ಪರದೆಯಲ್ಲಿ ಇನ್ನೂ ಒರಟಾಗಿ ನಡೆಯುತ್ತದೆ. ೫೦ರ ಪರದೆಯಲ್ಲಿ ಎರಡೆರಡು ಸಲವಾಗಿ ಸರಿಯಾಗಿ ಕೂಡುತ್ತದೆ.

ಹಳೆಯ ಕ್ಯಾಸೆಟ್ಟುಗಳು

ಕಡೆಯದಾಗಿ, ಮನೆಗಳಲ್ಲಿ ಅತ್ಯಂತ ಹೆಚ್ಚು ಬೆಲೆಯುಳ್ಳ ಮತ್ತು ಅತ್ಯಂತ ಹೆಚ್ಚು ತೊಂದರೆ ಕೊಡುವ ವೀಡಿಯೊಗಳ ಮಾತು. ೧೯೯೦ರ ದಶಕದ ಮದುವೆಯ ಕ್ಯಾಸೆಟ್ಟುಗಳನ್ನು ಜನರು ಡಿವಿಡಿಗೆ ಇಳಿಸಿಕೊಂಡಿದ್ದಾರೆ. ಈಗಿಲ್ಲದ ಅಜ್ಜಿಯ ಹಾಡು ಅದರಲ್ಲಿ ಮಾತ್ರ ಉಳಿದಿರಬಹುದು. ಅದನ್ನು ಸರ್ವರಿಗೆ ಹಾಕಿ ಹೊಸ ಟಿವಿಯಲ್ಲಿ ನೋಡಹೋದರೆ ಒಂದೋ ಓಡುವುದಿಲ್ಲ, ಒಂದೋ ಕ್ಷಣಕ್ಷಣಕ್ಕೂ ನಿಲ್ಲುತ್ತದೆ. ಡಿಸ್ಕು ಕೆಟ್ಟಿತೆಂದು ತಿಳಿದು ಕೈಚೆಲ್ಲುವವರುಂಟು. ಡಿಸ್ಕು ಕೆಟ್ಟಿಲ್ಲದಿರಬಹುದು. ಅದರ ಭಾಷೆ ಎಂಪೆಗ್-೨. ಇಂದಿನ ಎಷ್ಟೋ ಕಡ್ಡಿಗಳು ಅದನ್ನು ಮರೆತಿವೆ. ಸಾಲದುದಕ್ಕೆ ಚಿತ್ರವು ಇಂಟರ್‌ಲೇಸ್ ಆಗಿರುತ್ತದೆ: ಬೆಸಸಂಖ್ಯೆಯ ಗೆರೆಗಳು ಒಂದು ಕ್ಷಣದವು, ಸಮಸಂಖ್ಯೆಯವು ಸೆಕೆಂಡಿನ ೫೦ನೆಯ ಒಂದು ಭಾಗದಷ್ಟು ಅನಂತರದವು. ಇವನ್ನು ಹಾಗೆಯೇ ಕೂಡಿಸಿ ತೋರಿಸಿದರೆ ಆರತಿ ಎತ್ತುವ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಗೆರೆಗಳನ್ನು ಬಿಡಿಸಿ ಹೊಂದಿಸುವ ಲೆಕ್ಕವೂ ಮರುಸಂಕೇತನದ ಲೆಕ್ಕವೂ ಕೂಡಿ ದುರ್ಬಲ ಸರ್ವರಿನ ಮೇಲೆ ಒಟ್ಟಿಗೆ ಬೀಳುತ್ತವೆ.

ಇಂತಹ ಕಡತಗಳಿಗೆ ಸರ್ವರಿನ ಯಾವ ಸೆಟ್ಟಿಂಗನ್ನೂ ತಿರುವಬೇಕಾಗಿಲ್ಲ. ಅನುವಾದವು ಬೇಕೇ ಬೇಕೆಂದಮೇಲೆ ಅದನ್ನು ನೋಡುವ ಹೊತ್ತಿನಲ್ಲಿ ಅವಸರದಿಂದ ಮಾಡಿಸುವುದೇಕೆ? ಹ್ಯಾಂಡ್‌ಬ್ರೇಕ್‌ನಂತಹ ಉಚಿತ ತಂತ್ರಾಂಶದಿಂದ ರಾತ್ರಿಯ ಹೊತ್ತು ನಿಧಾನವಾಗಿ ಒಮ್ಮೆ ಎಚ್.೨೬೪ಕ್ಕೆ ತಿರುಗಿಸಿ, ಗೆರೆಗಳನ್ನು ಬಿಡಿಸುವ ಆಯ್ಕೆಯನ್ನು ಹಾಕಿ, ಎಂಪಿ೪ ಲಕೋಟೆಯಲ್ಲಿಟ್ಟರೆ ಆಯಿತು. ಯಂತ್ರವು ಸೆಕೆಂಡಿಗೆ ೧೮ ಚಿತ್ರಗಳನ್ನು ಬರೆದರೂ ಸರಿ, ೫ನ್ನು ಬರೆದರೂ ಸರಿ. ಬೆಳಗಾಗುವುದರೊಳಗೆ ಬಹುಪಾಲು ಮುಗಿದಿರುತ್ತದೆ. ಆಮೇಲೆ ಆ ಮದುವೆಯು ಯಾವ ಕಡ್ಡಿಯಲ್ಲಿಯೂ ನೇರವಾಗಿ ಓಡುತ್ತದೆ. ಮೂಲದ ಡಿವಿಡಿ ಕಡತವನ್ನು ಮಾತ್ರ ಅಳಿಸಬಾರದು. ಪ್ರತಿಯೊಂದು ಅನುವಾದದಲ್ಲಿಯೂ ಕೆಲವು ಸೂಕ್ಷ್ಮ ತರಂಗಗಳು ಉದುರಿಹೋಗುತ್ತವೆ. ಮುಂದೆಂದಾದರೂ ಇನ್ನೊಂದು ಭಾಷೆಗೆ ತಿರುಗಿಸಬೇಕಾಗಿ ಬಂದಾಗ ಪ್ರತಿಯಿಂದಲ್ಲದೆ ಮೂಲದಿಂದಲೇ ತಿರುಗಿಸಬೇಕು. ಅದು ನಾಲ್ಕೂವರೆ ಗಿಗಾಬೈಟಿನಷ್ಟು ಜಾಗವನ್ನು ಹಿಡಿಯುತ್ತದೆ; ಹಿಡಿಯಲಿ.